ಕರಾವಳಿಯಲ್ಲಿ ಚಳಿಗಾಲದ ನೆಲದ ಕಾವು: ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಭೂಮಾಲಿಕರು ಗಮನಿಸತಕ್ಕ ಸಂಗತಿ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಚಳಿಗಾಲವೆಂಬುದು ಬೆಳಗಿನ ಜಾವದ ಮಾತು. ಹೊತ್ತು ಏರಿದೊಡನೆ ಅದು ಕಾಣದಾಗುವುದು. ಬಯಲುಸೀಮೆಯವರು ಕಂಬಳಿ ಹೊದೆಯುವ ಪುಷ್ಯಮಾಸದಲ್ಲಿಯೇ ಹೊನ್ನಾವರ, ಕಾರವಾರಗಳ ವೀಕ್ಷಣಾಲಯಗಳು ದೇಶದಲ್ಲೆಲ್ಲ ಅತ್ಯಧಿಕವಾದ ಹಗಲುಷ್ಣತೆಯನ್ನು ದಾಖಲಿಸುವ ದಿನಗಳುಂಟು. ಇದಕ್ಕೆ ಮುಖ್ಯ ಕಾರಣವು ಘಟ್ಟ. ಈ ತಿಂಗಳುಗಳಲ್ಲಿ ಮೂಡಣ ಗಾಳಿಯು ಘಟ್ಟವನ್ನಿಳಿದು ಕರಾವಳಿಗೆ ಬರುವುದು. ಒಣಗಾಳಿಯು ೧೦೦ ಮೀಟರು ಕೆಳಗಿಳಿದರೆ ಸುಮಾರು ೧ ಡಿಗ್ರಿ ಸೆಲ್ಸಿಯಸ್ ಬಿಸಿಯೇರುವುದು ನಿಸರ್ಗದ ನಿಯಮ. ೬೦೦ ಮೀಟರು ಇಳಿದ ಗಾಳಿಯು ೬ ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ಗದ್ದೆಬಯಲನ್ನು ಮುಟ್ಟುವುದು. ಮಧ್ಯಾಹ್ನ ಕಡಲಗಾಳಿ ಏಳುವವರೆಗೆ ಈ ಸೆಕೆ ತಪ್ಪದು. ಕಡಲಗಾಳಿ ತಡವಾದ ದಿನವಂತೂ ಹೇಳತಕ್ಕದ್ದಿಲ್ಲ.

ಇಷ್ಟು ಹಳೆಯ ಸಂಗತಿ. ಹೊಸದೇನೆಂದರೆ ಚಳಿಗಾಲದ ಉಷ್ಣತೆಯೇ ಮೇಲಕ್ಕೆ ಸರಿಯುತ್ತಿರುವುದು. ೧೯೦೧ರಿಂದ ೨೦೧೮ರವರೆಗಿನ ಅವಧಿಯಲ್ಲಿ ಭಾರತದ ಸರಾಸರಿ ಉಷ್ಣತೆಯು ಸುಮಾರು ೦.೭ ಡಿಗ್ರಿ ಹೆಚ್ಚಿತು. ೨೦೨೩ರ ಫೆಬ್ರವರಿಯು ಹಗಲಿನ ಉಷ್ಣತೆಯಲ್ಲಿ ಅದುವರೆಗಿನ ಎಲ್ಲ ಫೆಬ್ರವರಿಗಳನ್ನೂ ಮೀರಿತು. ೨೦೨೫ರ ಫೆಬ್ರವರಿಯು ದಿನದ ಸರಾಸರಿಯಲ್ಲಿ ೧೯೦೧ರಿಂದೀಚೆಗೆ ಅತಿ ಬಿಸಿಯಾದುದೆಂದು ಹವಾಮಾನ ಇಲಾಖೆಯು ಪ್ರಕಟಿಸಿತು. ಅರಬ್ಬೀ ಸಮುದ್ರದ ಮೇಲ್ಮೈ ನೀರೂ ಬಿಸಿಯೇರಿದೆ. ಇದೊಂದು ಊರಿನ ಕೈಯಲ್ಲಿರುವ ವಿಷಯವಲ್ಲ. ಆದರೆ ಗಾಳಿಯ ಉಷ್ಣತೆ ಬೇರೆ, ನೆಲದ ಉಷ್ಣತೆ ಬೇರೆ. ಎರಡನೆಯದರಲ್ಲಿ ಬಹುಪಾಲು ನೆಲದೊಡೆಯನ ಕೈಯಲ್ಲಿದೆ.

ವೀಕ್ಷಣಾಲಯದ ಉಷ್ಣಮಾಪಕವು ನೆಲದಿಂದ ಸುಮಾರು ೧.೨೫ ಮೀಟರು ಎತ್ತರದಲ್ಲಿ, ಬಿಳಿಬಣ್ಣ ಬಳಿದ ಜಾಲಂದರದ ಪೆಟ್ಟಿಗೆಯಲ್ಲಿ, ನೆರಳಿನಲ್ಲಿ ಇರುವುದು. ಅದು ಅಳೆಯುವುದು ಗಾಳಿಯನ್ನು. ಅದೇ ಹೊತ್ತಿಗೆ ಬೋಳು ಕಲ್ಲುಗುಡ್ಡದ ಮೇಲೆ ಬರಿಗಾಲಿನಲ್ಲಿ ನಡೆಯುವವನು ಅಳೆಯುವುದು ನೆಲವನ್ನು. ಬಿಸಿಲೇರಿದ ಮೇಲೆ ಇವೆರಡಕ್ಕೂ ಹತ್ತಾರು ಡಿಗ್ರಿಗಳ ಅಂತರ ಬೀಳುವುದುಂಟು. ನೆಲವು ಹೊರಸೂಸುವ ಈ ಕಾವನ್ನು ಆಕಾಶದಿಂದ ಅಳೆಯುವ ಕೃತಕ ಉಪಗ್ರಹಗಳಿವೆ. ಬಿಸಿಯಾದ ಬಾಣಲೆಯನ್ನು ಮುಟ್ಟದೆಯೇ ಅಂಗೈಯನ್ನು ಮೇಲೆ ಹಿಡಿದು ಕಾವನ್ನು ತಿಳಿಯುವಂತೆಯೇ ಇದೂ ಸಹ. ಅಮೆರಿಕಾ ದೇಶದ ಲ್ಯಾಂಡ್‌ಸ್ಯಾಟ್ ಎಂಬ ಸಾಲಿನ ೫ನೆಯ ಉಪಗ್ರಹವು ೧೯೮೪ರಲ್ಲಿಯೂ, ೮ನೆಯದು ೨೦೧೩ರಲ್ಲಿಯೂ, ೯ನೆಯದು ೨೦೨೧ರಲ್ಲಿಯೂ ಹಾರಿದವು. ಒಂದೊಂದು ಉಪಗ್ರಹವೂ ೧೬ ದಿನಗಳಿಗೊಮ್ಮೆ ಬೆಳಗಿನ ಹತ್ತು ಹತ್ತೂವರೆಯ ವೇಳೆಗೆ ಒಂದೇ ಜಾಗದ ಮೇಲೆ ಹಾಯುವುದು. ಮಳೆಗಾಲದಲ್ಲಿ ಮೋಡವು ನೆಲವನ್ನು ಮರೆಮಾಡುವುದರಿಂದ ಕರಾವಳಿಯ ಮಟ್ಟಿಗೆ ಚಳಿಗಾಲದ ತಿಳಿಯಾದ ಆಕಾಶವೇ ಈ ಅಳತೆಗೆ ಅನುಕೂಲ. ಹೀಗಾಗಿ ನಾಲ್ವತ್ತು ವರ್ಷಗಳ ಹಿಂದಿನ ಜನವರಿಯನ್ನು ಈಚಿನ ಜನವರಿಯೊಡನೆ ಹೋಲಿಸುವುದು ಸಾಧ್ಯವಾಗಿದೆ.

ಆದರೆ ಈ ಪಟಗಳನ್ನು ಓದುವುದರಲ್ಲಿ ಮೋಸಹೋಗುವವರು ಬಹಳ. ಈಗಿನ ಲ್ಯಾಂಡ್‌ಸ್ಯಾಟಿನ ಉಷ್ಣಯಂತ್ರವು ೧೦೦ ಮೀಟರು ಉದ್ದಗಲದ ಚೌಕವನ್ನು ಒಂದೇ ಚುಕ್ಕೆಯಾಗಿ ಕಾಣುವುದು. ಅದು ೧ ಹೆಕ್ಟೇರು, ಎಂದರೆ ಸುಮಾರು ೨ ಎಕರೆ ೧೯ ಗುಂಟೆ. ಭಟ್ಕಳ ಪೇಟೆಗೆ ತಗುಲಿದ ಮುಟ್ಟಳ್ಳಿಯಂತಹ ಊರಿನಲ್ಲಿ ಇಷ್ಟು ಜಾಗದೊಳಗೆ ಒಬ್ಬನ ಗದ್ದೆ, ಮತ್ತೊಬ್ಬನ ತೆಂಗಿನ ತೋಟ, ಎರಡು ಮೂರು ಮನೆಗಳು, ರಸ್ತೆಯ ಒಂದು ತುಂಡು ಎಲ್ಲವೂ ಅಡಗುವುವು. ಚುಕ್ಕೆಯು ಇವೆಲ್ಲದರ ಬೆರಕೆ. ಕಡಲ ದಂಡೆಯ ಚುಕ್ಕೆಯಲ್ಲಿ ನೀರೂ ಸೇರಿಕೊಂಡು ನೆಲವು ಇದ್ದುದಕ್ಕಿಂತ ತಂಪಾಗಿ ತೋರುವುದು. ಹೊಳೆಯುವ ತಗಡಿನ ಮಾಡು ನಿಜಕ್ಕಿಂತ ಕಡಿಮೆ ಬಿಸಿಯೆಂದು ಕಾಣುವುದು. ಒಂದು ವರ್ಷ ಕಾರ್ತಿಕದಲ್ಲಿ ಮಳೆ ಬಿದ್ದು ಮಣ್ಣು ಹಸಿಯಾಗಿದ್ದರೆ ಆ ಜನವರಿಯ ಪಟವೇ ಬೇರೆ. ಆದಕಾರಣ ಎರಡು ಪಟಗಳನ್ನು ಎದುರುಬದುರು ಇಟ್ಟು ಊರು ಇಷ್ಟು ಡಿಗ್ರಿ ಕಾದಿತೆಂದು ಸಾರುವುದು ಸರಿಯಲ್ಲ. ಹಲವು ವರ್ಷಗಳ ಒಂದೇ ತಿಂಗಳನ್ನು ಸಾಲಾಗಿ ನೋಡಬೇಕು. ಅದಕ್ಕೂ ಮೇಲಾಗಿ ಒಂದೇ ದಿನ ಕಾಡಿಗೂ ಗದ್ದೆಗೂ ಪೇಟೆಗೂ ಇರುವ ಅಂತರವು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತೆಂದು ನೋಡಬೇಕು.

ಇಲ್ಲಿ ಭೂಮಾಲಿಕರಿಗೆ ಅಷ್ಟು ಹಿತವಲ್ಲದ ಒಂದು ಮಾತಿದೆ. ಬೆಳಗಿನ ಪಟದಲ್ಲಿ ಅತ್ಯಂತ ಕೆಂಪಾಗಿ ಕಾಣುವುದು ಯಾವಾಗಲೂ ಪೇಟೆಯಲ್ಲ. ಗೋಡೆಗಳ ನೆರಳು ಬೀಳುವುದರಿಂದಲೂ, ಕಲ್ಲು ಕಾಂಕ್ರೀಟುಗಳು ನಿಧಾನವಾಗಿ ಕಾಯುವುದರಿಂದಲೂ ಹತ್ತೂವರೆಗೆ ಪೇಟೆಯು ಇನ್ನೂ ಅರೆಬಿಸಿ. ಬತ್ತದ ಕೊಯ್ಲಾಗಿ ಕೂಳೆ ಒಣಗಿ ಬಿರುಕುಬಿಟ್ಟ ಬೀಳು ಗದ್ದೆ, ಚಿರೆಕಲ್ಲು ತೆಗೆದು ಬಿಟ್ಟ ಗುಂಡಿ, ಬೋಳು ಗುಡ್ಡಗಳು ಅಷ್ಟರಲ್ಲಿಯೇ ಕಾದಿರುವುವು. ರಾತ್ರಿಯಲ್ಲಿ ಲೆಕ್ಕ ತಿರುಗುವುದು. ಬೀಳು ಗದ್ದೆಯು ಬೇಗನೆ ಆರುವುದು; ತಾರಸಿ ಮನೆ ಮತ್ತು ಡಾಂಬರು ರಸ್ತೆಗಳು ಹಗಲೆಲ್ಲ ನುಂಗಿದ ಕಾವನ್ನು ಬೆಳಗಿನ ಜಾವದವರೆಗೆ ಬಿಡುತ್ತಲೇ ಇರುವುವು. ೧೯೯೯ರಲ್ಲಿಯೂ ೨೦೦೨ರಲ್ಲಿಯೂ ಹಾರಿದ ಟೆರ್ರಾ, ಆಕ್ವಾ ಎಂಬ ಉಪಗ್ರಹಗಳ ಯಂತ್ರವು ರಾತ್ರಿಯ ಕಾವನ್ನೂ ಅಳೆದಿದೆ. ಆದರೆ ಅದರ ಚುಕ್ಕೆಯು ೧ ಕಿಲೋಮೀಟರು ಚೌಕ, ಸುಮಾರು ೨೪೭ ಎಕರೆ. ಹಗಲಿನ ಪಟದಲ್ಲಿ ತಪ್ಪು ಬೋಳು ನೆಲದ್ದು, ರಾತ್ರಿಯ ಪಟದಲ್ಲಿ ಕಟ್ಟಡದ್ದು. ಒಂದನ್ನು ಮಾತ್ರ ನೋಡಿದವನು ಅರ್ಧ ನ್ಯಾಯವನ್ನೇ ಹೇಳುವನು.

ನೆಲದ ಹೊದಿಕೆಯು ಎಷ್ಟು ಬದಲಾಗಿದೆಯೆಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಉಪಗ್ರಹದ ಪಟಗಳಿಂದಲೇ ಮಾಡಿದ ಲೆಕ್ಕವಿದೆ. ೧೯೭೩ರಲ್ಲಿ ಉತ್ತರ ಕನ್ನಡದ ಸುಮಾರು ಮೂರರಲ್ಲಿ ಎರಡು ಪಾಲು ನಿತ್ಯಹಸುರು ಕಾಡಿದ್ದುದು, ೨೦೧೩ರ ಹೊತ್ತಿಗೆ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಕರಾವಳಿಯ ಪಟ್ಟಿಯಲ್ಲಿ ೧೯೯೮ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆಯಿತು. ಅನಂತರ ಹೆದ್ದಾರಿಯು ಅಗಲವಾಯಿತು. ಹಂಚಿನ ಮಾಡು ಹೋಗಿ ತಾರಸಿ ಬಂದಿತು. ರಸ್ತೆಯ ಬದಿಯ ಗದ್ದೆಗಳು ಮಣ್ಣು ತುಂಬಿಸಿಕೊಂಡು ನಿವೇಶನಗಳಾದವು. ಕೂಲಿಯ ತೊಂದರೆಯಿಂದ ಎರಡನೆಯ ಬೆಳೆಯನ್ನು ಬಿಟ್ಟವರೂ ಹಲವರು.

ಇದರಿಂದ ಬೆಳೆಗಾಗುವ ಹಾನಿ ಯಾವುದು? ಮೊದಲನೆಯದು ಮಾವು. ಮಾವಿನ ಮರವು ಹೂಬಿಡಲು ರಾತ್ರಿಯ ತಂಪು ಬೇಕು. ಕೆಲವು ವಾರಗಳ ಕಾಲ ರಾತ್ರಿಯ ಉಷ್ಣತೆಯು ೨೦ ಡಿಗ್ರಿಗಿಂತ ಕೆಳಗಿಳಿದರೆ ಅನುಕೂಲ. ಕರಾವಳಿಯ ಚಳಿಗಾಲದ ರಾತ್ರಿಯು ಈ ಗಡಿಯ ಆಸುಪಾಸಿನಲ್ಲಿಯೇ ಇರುವುದರಿಂದ ಒಂದೆರಡು ಡಿಗ್ರಿಯ ಏರಿಕೆಯೂ ಇಲ್ಲಿ ದೊಡ್ಡದು. ಬಿಸಿರಾತ್ರಿಗಳಲ್ಲಿ ಮರವು ಹೂವಿನ ಬದಲು ಚಿಗುರನ್ನು ತಳ್ಳುವುದು. ಎರಡನೆಯದು ಅಡಿಕೆ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ತೋಟದ ನೈಋತ್ಯದ ಅಂಚಿನ ಮರಗಳ ಕಾಂಡವು ಸುಟ್ಟು ಸೀಳುವುದು. ಅಂಚಿನ ಕಾಡು ಕಡಿದು ಬಯಲಾದಲ್ಲಿ ಈ ಬಾಧೆ ಹೆಚ್ಚು. ಭಟ್ಕಳದ ಮಲ್ಲಿಗೆಯ ವಿಷಯ ಸ್ವಲ್ಪ ಬೇರೆ. ಚಳಿಯಲ್ಲಿ ಮೊಗ್ಗು ಕಡಿಮೆಯಾಗುವ ಗಿಡಕ್ಕೆ ಬೆಚ್ಚಗಿನ ಚಳಿಗಾಲವು ಲಾಭವೆಂದೇ ತೋರಬಹುದು. ಆದರೆ ಕಾದ ಮಣ್ಣಿಗೆ ನೀರು ಹೆಚ್ಚು ಬೇಕು. ಆ ನೀರು ಮನೆಯ ಬಾವಿಯದೇ.

ನೆಲವನ್ನು ತಂಪಾಗಿಡುವುದು ಆವಿಯಾಗುವ ನೀರು. ೧ ಲೀಟರು ನೀರು ಎಲೆಯಿಂದ ಆವಿಯಾಗಿ ಹೋಗುವಾಗ ಸೆಳೆದೊಯ್ಯುವ ಶಾಖದಲ್ಲಿ ಸುಮಾರು ೮ ಲೀಟರು ಬಾವಿನೀರನ್ನು ಕುದಿಯುವ ಹದಕ್ಕೆ ತರಬಹುದು. ಹಾಗೆಂದು ಬೀಳು ಗದ್ದೆಗೆ ನೀರು ಹಾಯಿಸತೊಡಗುವುದು ಅವಿವೇಕ. ಕಡಲ ಸಮೀಪದ ಬಾವಿಯಿಂದ ಮಿತಿಮೀರಿ ಎತ್ತಿದರೆ ಉಪ್ಪುನೀರು ಒಳನುಗ್ಗುವುದು. ಕೊಯ್ಲಿನ ಬೆನ್ನಿಗೇ, ಮಣ್ಣಿನ ಹಸಿ ಆರುವ ಮೊದಲು, ಉದ್ದು, ಹೆಸರು, ಅಲಸಂದೆಗಳನ್ನು ಬಿತ್ತಿದರೆ ಉಳಿದ ತೇವದಲ್ಲಿಯೇ ನೆಲವು ಹಸುರಾಗಿರುವುದು. ಸ್ವಲ್ಪ ನೀರಿನ ಅನುಕೂಲವಿದ್ದ ಮರಳುಮಿಶ್ರ ಗದ್ದೆಯಲ್ಲಿ ಶೇಂಗಾ ಆಗುವುದು. ಕುಮಟಾದ ಸಿಹಿ ಈರುಳ್ಳಿಯು ಅಂತಹ ಗದ್ದೆಗಳದೇ ಬೆಳೆ. ಅಘನಾಶಿನಿಯ ಗಜನಿ ಭೂಮಿಯಲ್ಲಿ ಭರತದ ನೀರು ಆಡುವಷ್ಟು ಕಾಲವೂ ಹಗಲಿನ ಕಾವು ಏರದು. ಕಟ್ಟೆಯೊಡೆದು ಪಾಳುಬಿದ್ದಲ್ಲಿ ಈ ಲಾಭವೂ ಕೆಡುವುದು. ಬೆಟ್ಟದ ದರಕನ್ನು ಪೂರಾ ಗುಡಿಸಿ ಒಯ್ಯುವ ಪದ್ಧತಿಯೂ ವಿಚಾರಕ್ಕೆ ಅರ್ಹ. ಕೊಟ್ಟಿಗೆಗೆ ಬೇಕಾದಷ್ಟನ್ನು ತಂದು, ಇಳಿಜಾರಿನ ಬೋಳು ಭಾಗದಲ್ಲಿ ಉಳಿದುದನ್ನು ಬಿಟ್ಟರೆ ಮಣ್ಣಿಗೆ ನೆರಳೂ ಆಗುವುದು, ಮಳೆಗಾಲಕ್ಕೆ ಗೊಬ್ಬರವೂ ಆಗುವುದು.

ಗ್ರಾಮದ ಮುಖಂಡರಿಗೆ ಇದಕ್ಕಿಂತ ಕಠಿಣವಾದ ಕೆಲಸವೊಂದಿದೆ. ಗದ್ದೆಯನ್ನು ನಿವೇಶನವಾಗಿ ಪರಿವರ್ತಿಸುವ ಅರ್ಜಿಯು ಬಂದಾಗ ಒಬ್ಬೊಬ್ಬರ ಕೆಲವು ಗುಂಟೆಯೆಂದು ಸುಮ್ಮನಿರುವುದೇ ರೂಢಿ. ಬಯಲಿನ ನಡುವೆ ಒಂದು ಗದ್ದೆಗೆ ಮಣ್ಣು ತುಂಬಿದರೆ ನೀರಿನ ಕಾಲುವೆ ಮುಚ್ಚಿ ಕೆಳಗಿನ ಹತ್ತು ಗದ್ದೆಗಳು ಬೀಳಾಗುವ ಸಂಭವವಿದೆ. ಅನಂತರ ಅವೂ ಮಾರಾಟಕ್ಕೆ ಬರುವುವು. ಕಾಲುವೆಯ ದಾರಿಯನ್ನು ಮೊದಲು ಗುರುತಿಸಿಕೊಂಡು ಅಭಿಪ್ರಾಯ ಕೊಡುವುದು ಮುಖಂಡರ ಹೊಣೆ.

ಊರಿನಲ್ಲಿಯೇ ಅಳತೆ ಮಾಡಿಡಲು ಹೆಚ್ಚಿನ ಖರ್ಚಿಲ್ಲ. ಮಣ್ಣಿನ ಉಷ್ಣಮಾಪಕವೊಂದನ್ನು ತಂದು ಬೀಳು ಗದ್ದೆ, ದ್ವಿದಳ ಧಾನ್ಯದ ಗದ್ದೆ, ಅಡಿಕೆ ತೋಟ, ಬೋಳು ಗುಡ್ಡ ಈ ನಾಲ್ಕು ಕಡೆಗಳಲ್ಲಿ ೫ ಸೆಂಟಿಮೀಟರು ಆಳಕ್ಕೆ ಊರಿ, ಜನವರಿಯಲ್ಲಿ ವಾರಕ್ಕೊಂದು ದಿನ ಸೂರ್ಯೋದಯಕ್ಕೆ ಮೊದಲೊಮ್ಮೆ, ಹತ್ತೂವರೆಗೊಮ್ಮೆ, ಮಧ್ಯಾಹ್ನ ಒಂದೂವರೆಗೊಮ್ಮೆ ಓದಿ ಬರೆದಿಡಬೇಕು. ಅದರ ಬದಿಯಲ್ಲಿಯೇ ಕಡಲಗಾಳಿ ಎದ್ದ ವೇಳೆ, ಬಾವಿಯ ನೀರಿನ ಮಟ್ಟ, ಮಾವಿನಲ್ಲಿ ಮೊದಲ ಹೂ ಕಂಡ ದಿನ ಇವನ್ನೂ ನಮೂದಿಸುವುದು. ಪುಸ್ತಕವು ಒಬ್ಬರ ಮನೆಯಲ್ಲಿರುವುದಕ್ಕಿಂತ ಶಾಲೆಯಲ್ಲಿಯೋ ಪಂಚಾಯಿತಿಯ ಕಚೇರಿಯಲ್ಲಿಯೋ ಇದ್ದರೆ ಐದಾರು ವರ್ಷಗಳವರೆಗೆ ತಪ್ಪದೆ ನಡೆಯುವುದು.