ದುರ್ಗದ ಬಿಸಿಲಲ್ಲಿ ಸಮುದ್ರದ ಕಲ್ಲು

ಚಿತ್ರದುರ್ಗದ ಕಡೆಯ ಹುಡುಗರನ್ನು 'ಮರುಭೂಮಿಯವರು' ಅಂತ ರೇಗಿಸೋದು ಹಾಸ್ಟೆಲ್‌ನಲ್ಲಿ ರೂಢಿ. ಆದರೆ ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆಯಾಗುವ ಜಾಗಕ್ಕೆ ಸಾಮಾನ್ಯವಾಗಿ ಮರುಭೂಮಿ ಅಂತಾರೆ. ದುರ್ಗದಲ್ಲಿ ಅದರ ಎರಡು ಪಟ್ಟಾದರೂ ಬೀಳುತ್ತದೆ. ಪಶ್ಚಿಮ ಘಟ್ಟ ತಡೆದು ಉಳಿದ ಮೋಡವಷ್ಟೇ ಇಲ್ಲಿಗೆ ಬರೋದು, ಹಾಗಾಗಿ ಇದು ಮಳೆನೆರಳಿನ ಬಯಲುಸೀಮೆ. ಇಲ್ಲಿನ ಕಲ್ಲು ನೋಡೋಕೆ ಅಂತಲೇ ನಾವು ಐದು ಜನ ಗೆಳೆಯರು ಒಂದು ಭಾನುವಾರ ಬೈಕ್ ಹತ್ತಿದೆವು.

ಮೊದಲು ಕೋಟೆ. ಒಂದರ ಮೇಲೊಂದು ಯಾರೋ ಜೋಡಿಸಿಟ್ಟಂತಿರುವ ಗುಂಡುಗಳನ್ನು ಯಾರೂ ಜೋಡಿಸಿಲ್ಲ. ನೆಲದೊಳಗೇ ಗ್ರಾನೈಟ್ ಚೌಕಚೌಕವಾಗಿ ಬಿರುಕು ಬಿಟ್ಟಿತ್ತು. ಬಿರುಕಿಗಿಳಿದ ನೀರು ಕಲ್ಲನ್ನು ಕೊಳೆಸುತ್ತದೆ. ಮೂಲೆಗೆ ಮೂರು ಕಡೆಯಿಂದ ಪೆಟ್ಟು, ಮುಖಕ್ಕೆ ಒಂದೇ ಕಡೆಯಿಂದ. ಅದಕ್ಕೇ ಮೂಲೆ ಮೊದಲು ಸವೆದು ಕಲ್ಲು ದುಂಡಗಾಗುತ್ತದೆ. ಸುತ್ತಲಿನ ಪುಡಿಮಣ್ಣು ಕೊಚ್ಚಿಹೋದರೆ ಗುಂಡು ಉಳೀತು.

ಅಸಲಿ ಪಾಠ ಇರೋದು ಹಿರಿಯೂರಿನ ದಿಕ್ಕಿಗೆ, ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿ. ಒಂದು ಸಣ್ಣ ಗುಡ್ಡ. ಮೈತುಂಬ ದಿಂಬು ಒಟ್ಟಿದಂತೆ ಹಸಿರುಗಪ್ಪು ಉಬ್ಬುಗಳು. ಇದು ದಿಂಬು ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಡೈನೋಸಾರ್‌ಗಳೆಲ್ಲ ಇದರ ಮುಂದೆ ನಿನ್ನೆ ಮೊನ್ನೆಯವು.

ದಿಂಬು ಆಗೋದು ಹೇಗೆ? ಲಾವಾ ನೀರಿನಡಿ ಉಕ್ಕಿದರೆ ಹೊರಮೈ ತಕ್ಷಣ ತಣಿದು ಗಾಜಿನಂಥ ತೊಗಲಾಗುತ್ತದೆ. ಒಳಗೆ ಇನ್ನೂ ಕುದಿಯುತ್ತಿರುತ್ತದೆ. ಒತ್ತಡಕ್ಕೆ ತೊಗಲು ಒಡೆದು ಇನ್ನೊಂದು ನಾಲಿಗೆ ಹೊರಬರುತ್ತದೆ, ಅದೂ ತಣಿದು ಮತ್ತೊಂದು ದಿಂಬಾಗುತ್ತದೆ. ಅಂದರೆ ನಾವು ನೀರಿನ ಬಾಟಲಿ ಖಾಲಿಮಾಡಿ ಬೆವರು ಒರೆಸಿಕೊಳ್ತಾ ನಿಂತಿದ್ದ ಜಾಗ ಒಂದು ಕಾಲಕ್ಕೆ ನೀರಿನ ತಳ!

ಇನ್ನೂ ಒಂದು ವಿಷಯ ಓದಬಹುದು. ಮೇಲೆ ಬಂದು ಕೂತ ದಿಂಬು ಇನ್ನೂ ಮೆತ್ತಗಿದ್ದಾಗ ಅದರ ತಳ ಕೆಳಗಿನ ಎರಡು ದಿಂಬುಗಳ ಸಂದಿಗೆ ಬಾಲದಂತೆ ಇಳಿಯುತ್ತದೆ; ತಲೆ ಮಾತ್ರ ದುಂಡಗೇ ಇರುತ್ತದೆ. ಬಾಲ ಯಾವ ಕಡೆಗಿದೆಯೋ ಅದೇ ಆಗಿನ 'ಕೆಳಗೆ'. ಪದರಗಳು ಮಡಿಸಿಕೊಂಡು ತಲೆಕೆಳಗಾಗಿದ್ದರೂ ಈ ಒಂದು ಗುರುತಿನಿಂದ ಹಿಡಿಯಬಹುದು. ನನಗಂತೂ ಇಡೀ ದಿನದಲ್ಲಿ ಹೆಚ್ಚು ಖುಷಿ ಕೊಟ್ಟಿದ್ದು ಈ ಬಾಲ ಹುಡುಕಾಟ.

ಸಂಜೆ ವಾಣಿವಿಲಾಸ ಸಾಗರ. ವೇದಾವತಿ ಗುಡ್ಡಸಾಲನ್ನು ಸೀಳಿಕೊಂಡು ಹೋಗುವ ಮಾರಿಕಣಿವೆಗೇ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು. ಎರಡೂ ಪಕ್ಕ ಗುಡ್ಡ, ನಡುವೆ ಇಕ್ಕಟ್ಟು: ಕಡಿಮೆ ಕಟ್ಟಡ, ಹೆಚ್ಚು ನೀರು. ಆದರೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಜಾಗ ಎಷ್ಟೇ ಚೆನ್ನಾಗಿ ಆರಿಸಿದರೂ ಮಳೆಯನ್ನು ಆರಿಸೋಕಾಗಲ್ಲ.

ಸಿವಿಲ್‌ನವರಿಗೆ ಒಂದು ಮಾತು. ಈ ಗಟ್ಟಿ ಕಲ್ಲಿಗೆ ಮರಳುಗಲ್ಲಿನಂತೆ ನೀರು ಹಿಡಿಯುವ ರಂಧ್ರಗಳಿಲ್ಲ. ನೀರಿರೋದು ಮೇಲಿನ ಕೊಳೆತ ಪದರದಲ್ಲಿ ಮತ್ತು ಬಿರುಕಿನಲ್ಲಿ ಮಾತ್ರ. ಒಂದೇ ಹೊಲದಲ್ಲಿ ಒಂದು ಬೋರ್‌ಗೆ ನೀರು, ಪಕ್ಕದ್ದಕ್ಕೆ ಬರೀ ಧೂಳು ಬರೋದು ಇದಕ್ಕೇ. ಹೊಸದುರ್ಗ, ಹೊಳಲ್ಕೆರೆಯ ತೋಟದವರು ಬರಗಾಲದಲ್ಲಿ ಸಾಲ ಮಾಡಿ ಬೋರ್ ಮೇಲೆ ಬೋರ್ ಕೊರೆಸುತ್ತಾರೆ. ಆಗ ತೆಂಗಿನಕಾಯಿ ಹಿಡಿದು ನಡೆಯುವವನಿಗಿಂತ ಬಿರುಕಿನ ದಿಕ್ಕು ಅಳೆಯಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಜೊತೆಗಿದ್ದರೆ ಒಂದು ಕುಟುಂಬದ ಸಾಲ ಕಡಿಮೆಯಾದೀತು.

ಮರಡಿಹಳ್ಳಿಗೆ ಹೋಗೋದಾದರೆ ಬೆಳಿಗ್ಗೆ ಹತ್ತರೊಳಗೆ ಹೋಗಿ, ಟೋಪಿ ಇರಲಿ. ಫೋಟೋ ತೆಗೆಯುವಾಗ ಅಳತೆಗೆ ಪಕ್ಕದಲ್ಲೊಂದು ಪೆನ್ ಇಡಿ. ಸುತ್ತಿಗೆ ಮಾತ್ರ ಹಾಸ್ಟೆಲ್‌ನಲ್ಲೇ ಬಿಟ್ಟು ಬನ್ನಿ.