ಕ್ಯಾಮೆರಾ ನಮ್ಮದು, ಪಾಸ್‌ವರ್ಡ್ ಯಾರದು?

2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟವಾಗುತ್ತಿದ್ದುದು ಬಯಲಾಯಿತು. ಕಳ್ಳರಿಗೆ ದೊಡ್ಡ ಜಾಣತನವೇನೂ ಬೇಕಾಗಿರಲಿಲ್ಲ. ಕಂಪನಿ ಕೊಟ್ಟ ‘ಅಡ್ಮಿನ್123’ ಎಂಬ ಪಾಸ್‌ವರ್ಡ್ ಹಾಗೆಯೇ ಉಳಿದಿತ್ತು ಎಂಬುದು ತನಿಖೆಯಲ್ಲಿ ಹೊರಬಂತು.

ಹಾನಗಲ್ಲಿನ ಕಿರಾಣಿ ಅಂಗಡಿಯಿರಲಿ, ಶಿಗ್ಗಾವಿಯ ಕ್ಲಿನಿಕ್ ಇರಲಿ, ಸವಣೂರಿನ ಬಟ್ಟೆ ಅಂಗಡಿ, ಹಿರೇಕೆರೂರಿನ ಗೊಬ್ಬರದ ಅಂಗಡಿ ಇರಲಿ, ಕ್ಯಾಮೆರಾ ಕೂಡಿಸಲು ಬಂದ ಹುಡುಗನೇ ಪಾಸ್‌ವರ್ಡ್ ಇಟ್ಟು ಹೋಗುವುದು ರೂಢಿ. ಮೊಬೈಲಿನಲ್ಲಿ ಚಿತ್ರ ಕಂಡರೆ ಮಾಲೀಕರಿಗೆ ಸಮಾಧಾನ. ಅದೇ ಚಿತ್ರ ಇನ್ನಾರಿಗೆ ಕಾಣುತ್ತಿದೆ ಎಂದು ಕೇಳುವವರು ಕಡಿಮೆ.

ಅನುಮತಿಯಿಲ್ಲದೆ ನಿಮ್ಮ ಕ್ಯಾಮೆರಾ, ವೈಫೈ ರೌಟರ್‌ಗೆ ದುರುದ್ದೇಶದಿಂದ ನುಗ್ಗಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಕಲಂ ಅನ್ವಯಿಸುತ್ತವೆ: 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಖಾಸಗಿತನದ ಕಲಂ ಎಂದು ಎಲ್ಲರೂ ಹೇಳುವ 66ಇ ದೇಹದ ಖಾಸಗಿ ಭಾಗಗಳ ಚಿತ್ರಕ್ಕೆ ಮಾತ್ರ ಸೀಮಿತ. ಹಾಗಾಗಿ ಪಡಸಾಲೆಯ ದೃಶ್ಯ ಕದ್ದವನ ಮೇಲೆ ದೂರು ಬರೆಯುವಾಗ 66ನ್ನು ಬಿಡಬೇಡಿ. ಮಹಿಳೆಯ ಖಾಸಗಿ ಕ್ಷಣಗಳನ್ನು ನೋಡುವುದು, ಚಿತ್ರೀಕರಿಸುವುದು, ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಟ್ರಯಲ್ ರೂಮಿನಲ್ಲಿ ಕ್ಯಾಮೆರಾ ಇಟ್ಟ ಅಂಗಡಿಯವನೂ ಇದಕ್ಕೆ ಹೊರತಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪಿಗೆ ಅರ್ಜಿದಾರರಾಗಿ ಹೆಸರಾದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಯಾರೋ ನುಗ್ಗಿದ್ದಾರೆಂದು ಗೊತ್ತಾದೊಡನೆ ಹೆಚ್ಚಿನವರು ಡಿವಿಆರ್ ಫಾರ್ಮ್ಯಾಟ್ ಮಾಡಿಸುತ್ತಾರೆ. ಸಾಕ್ಷಿ ಅಲ್ಲಿಗೇ ಅಳಿಯಿತು. ಮೊದಲು ಇಂಟರ್‌ನೆಟ್ ತಂತಿ ಕಿತ್ತು, ಲಾಗಿನ್ ವಿವರ, ಸೋರಿದ ವಿಡಿಯೊದ ಕೊಂಡಿ, ದಿನಾಂಕ ಸಮೇತ ಸ್ಕ್ರೀನ್‌ಶಾಟ್ ಎಲ್ಲ ಕಾದಿಡಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿಯೇ ಬಂದು ಕೂರುವುದರಿಂದ ಡಿವಿಆರ್ ಆರಿಸಿ ಇಡುವುದು ಲೇಸು. ಪಾಸ್‌ವರ್ಡ್ ಬದಲಾವಣೆ ಆಮೇಲೆ.

ದೂರನ್ನು ಹಾವೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಕೊಡಬಹುದು. ಹತ್ತಿರದ ಯಾವುದೇ ಠಾಣೆಯೂ ‘ನಮ್ಮ ಹದ್ದಿಗೆ ಬರುವುದಿಲ್ಲ’ ಎಂದು ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದನ್ನೇ ಹೇಳುತ್ತದೆ. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಬರೆಯಿರಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ತನಿಖೆ ಮಾಡುವವರು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿರಬಾರದು. ಹಣವೂ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಮಾರಿದವರನ್ನೂ ಕೇಳಬಹುದು. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರಿ ಮಾನ್ಯತೆಯ ಭದ್ರತಾ ಪರೀಕ್ಷೆ ಕಡ್ಡಾಯ. ದೋಷವಿರುವ ಉಪಕರಣಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ 2 ವರ್ಷದೊಳಗೆ ದೂರು ಹೂಡಿ; ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ಬಿಲ್ ಬೇಕು. ಜಿಎಸ್‌ಟಿ ಉಳಿಸಲು ಚೀಟಿಯ ಮೇಲೆ ಬರೆಸಿಕೊಂಡವರಿಗೆ ಇಲ್ಲಿ ಕಷ್ಟ.

ವಕೀಲರ ಫೀ ಕೊಡಲಾಗದಿದ್ದರೆ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲ.