ಮೂಗು ಸೋರುತ್ತದೆಂದು ತೇರು ಬಿಡಬೇಡ

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡ ಅನ್ನುವುದು ಗಾದೆ. ನೀನು ಮೂಗು ಉಳಿಸಿಕೊಂಡು ಜಾತ್ರೆಯನ್ನೇ ಕೊಯ್ದು ಹಾಕಲು ಹೊರಟಿದ್ದೀಯಲ್ಲ, ಕೂಸೆ! "ಅಜ್ಜಿ, ಈ ಸಲ ನಂಜನಗೂಡು ಬೇಡ, ಸೀನಿ ಸೀನಿ ಸಾಕಾಗುತ್ತೆ" ಅಂತ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟೆ. ನಿನಗೆ ಎಲ್ಲದಕ್ಕೂ ಅವಸರ. ಅದಕ್ಕೇ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಜೋತಾಡುತ್ತಾ ಓದಬೇಡ, ಕೂತು ಓದು.

ಈ ಮೂಗು ನಿನಗೊಬ್ಬಳಿಗೇ ಬಂದದ್ದಲ್ಲ. ನನಗಿದೆ, ನಿನ್ನ ತಾಯಿಗಿದೆ. ಮನೆತನದಲ್ಲಿ ಇಳಿದು ಬರುವ ಗುಣ ಇದು. ಶಿವರಾತ್ರಿ ಕಳೆದರೆ ಸಾಕು, ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ನೀರಿನಂಥ ಸಿಂಬಳ, ಕಣ್ಣಿನ ಮೂಲೆಯಲ್ಲಿ ನವೆ, ಅಂಗುಳಲ್ಲಿ ಕೆರೆತ. ಜ್ವರ ಇರುವುದಿಲ್ಲ, ಮೈಕೈ ನೋವು ಇರುವುದಿಲ್ಲ. ವಾರವಾದರೂ ಹೋಗುವುದಿಲ್ಲ. ನವೆ ಇದ್ದು ಜ್ವರ ಇಲ್ಲದಿದ್ದರೆ ಅದು ಅಲರ್ಜಿಯೇ ಇರಬೇಕು, ನೆಗಡಿಯಲ್ಲ. ಇಷ್ಟು ಗುರುತಿಟ್ಟುಕೊಂಡರೆ ಸುಮ್ಮಸುಮ್ಮನೆ ಆಂಟಿಬಯೋಟಿಕ್ ನುಂಗುವುದು ತಪ್ಪುತ್ತದೆ.

ದೊಡ್ಡ ಜಾತ್ರೆ ಬರುವುದೂ ಇದೇ ಕಾಲದಲ್ಲಿ, ಮಾರ್ಚ್–ಏಪ್ರಿಲ್ ಹೊತ್ತಿಗೆ. ನೆಲ ಒಣಗಿ ಹಿಟ್ಟಾಗಿರುತ್ತದೆ. ನಸುಕಿನಲ್ಲೇ ತೇರು ಹೊರಡುತ್ತದೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಹೀಗೆ ಐದು ತೇರು. ಶ್ರೀಕಂಠೇಶ್ವರನ ಗೌತಮ ರಥ ಕದಲುವಾಗ ಜನ ಒಂದೇ ಸಮ ಹಣ್ಣು-ಜವನ ತೂರುತ್ತಾರೆ. ಕಾಲಡಿಯ ಧೂಳು, ಕರ್ಪೂರದ ಹೊಗೆ, ಜವನದ ಘಾಟು, ಬೆವರು, ಎಲ್ಲ ಒಟ್ಟಿಗೆ ಏಳುತ್ತವೆ. ನಮ್ಮಂಥ ಮೂಗಿನವರಿಗೆ ಅದು ಪರೀಕ್ಷೆಯೇ ಸರಿ. ಹಾಗಂತ ಅದನ್ನು ನೋಡದೆ ಮನೆಯಲ್ಲಿ ಕೂರುವುದೆ?

ಮೊದಲು ಒಂದು ತಪ್ಪು ದೂರು ಬಿಡು. ನೀನು ಯಾವಾಗಲೂ ಮಲ್ಲಿಗೆಯನ್ನು ಬೈಯುತ್ತೀಯ, ಮುಡಿಸಲು ಬಂದರೆ ತಲೆ ಕೊಡವುತ್ತೀಯ. ಮಲ್ಲಿಗೆಯ ಪರಾಗ ಅಂಟಂಟು, ಅದನ್ನು ಹೊರುವುದು ಹುಳುಹುಪ್ಪಟೆ. ಗಾಳಿಯಲ್ಲಿ ತೇಲಿ ನಿನ್ನ ಮೂಗಿಗೆ ಬರುವಂಥದ್ದಲ್ಲ ಅದು. ಅದರ ವಾಸನೆಗೆ ಮೊದಲೇ ಕೆರಳಿದ ಮೂಗು ಇನ್ನಷ್ಟು ಕೆರಳಬಹುದು, ಅಷ್ಟೆ. ನಿಜವಾದ ಕಾಟ ಕೊಡುವುದು ಯಾರೂ ತಿರುಗಿ ನೋಡದ ಹೂವುಗಳು. ಬೇಲಿ ಹುಲ್ಲಿನ ತೆನೆ, ಸರ್ವೆ ಮರ, ಚರಂಡಿ ಪಕ್ಕದ ಕಾಂಗ್ರೆಸ್ ಹುಲ್ಲು. ಇವುಗಳ ಪರಾಗ ಹಗುರ, ಕಣ್ಣಿಗೆ ಕಾಣದಷ್ಟು ಸಣ್ಣ, ಗಾಳಿಯೇ ಅದರ ಬಂಡಿ. "ಅಲ್ಲಿ ಹುಲ್ಲೇ ಇರಲಿಲ್ಲವಲ್ಲ ಅಜ್ಜಿ" ಅನ್ನಬೇಡ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಅಂತ ಒಬ್ಬ ಡಾಕ್ಟರಿದ್ದ. ಅವನಿಗೂ ಇದೇ ಮೂಗು. ಗಾಳಿಪಟಕ್ಕೆ ಅಂಟು ಬಳಿದ ಗಾಜು ಕಟ್ಟಿ ಹಾರಿಬಿಟ್ಟು, ಮೇಲಿನ ಗಾಳಿಯಲ್ಲೂ ಪರಾಗ ತೇಲುತ್ತದೆ ಅಂತ ತೋರಿಸಿ, 1873ರಲ್ಲಿ ಪುಸ್ತಕವನ್ನೇ ಬರೆದ. ಹುಲ್ಲು ಎಲ್ಲೋ ಇದ್ದರೂ ಅದರ ಪುಡಿ ಇಲ್ಲಿಗೆ ಬರುತ್ತದೆ.

ಜಾತ್ರೆಯಲ್ಲಿ ಅದು ಎಲ್ಲಿ ಹೆಚ್ಚು ಗೊತ್ತೆ? ತೇರಿನ ಬೀದಿಯಲ್ಲಲ್ಲ, ಗಾಡಿ ನಿಲ್ಲಿಸುವ ಬಯಲಿನಲ್ಲಿ. ಊರಾಚೆ ಬೀಳುಬಿದ್ದ ಜಾಗ, ಅಂಚಿನುದ್ದಕ್ಕೂ ಕಾಂಗ್ರೆಸ್ ಹುಲ್ಲು. ನೂರಾರು ಚಕ್ರ ಅದನ್ನು ಹೊಸಕುತ್ತವೆ. ನಿಮ್ಮ ಗೆಳತಿಯರ ಗುಂಪು ಅಲ್ಲೇ ಬುತ್ತಿ ಬಿಚ್ಚಿ ಕೂರುತ್ತದೆ. ನೀನು ಹಾಗೆ ಕೂರಬೇಡ. ಗಾಡಿ ಇಳಿದವಳೇ ಹೊರಡು, ಊಟ ಊರೊಳಗೆ ಯಾವುದಾದರೂ ಜಗಲಿಯ ಮೇಲಾಗಲಿ. ಆ ಗಿಡವನ್ನು ಕೈಯಲ್ಲಿ ಕೀಳುವ ಸಾಹಸವೂ ಬೇಡ, ಚರ್ಮಕ್ಕೂ ಅದು ಆಗುವುದಿಲ್ಲ. ಸೇವಂತಿಗೆ, ಜವನ ಎಲ್ಲ ಅದೇ ಕುಟುಂಬದ ಗಿಡಗಳು. ಕಾಂಗ್ರೆಸ್ ಹುಲ್ಲಿಗೆ ಕೈ ನವೆಯೇಳುವವರಿಗೆ ಕೆಲವೊಮ್ಮೆ ಸೇವಂತಿಗೆಗೂ ಏಳುತ್ತದೆ. ನಿನಗೆ ಹಾಗಾಗುತ್ತದೆ ಅನ್ನಿಸಿದರೆ ಹಣ್ಣು-ಜವನದಲ್ಲಿ ಹಣ್ಣು ಮಾತ್ರ ನೀನು ಎಸೆ, ಜವನ ತಮ್ಮನ ಕೈಗೆ ಕೊಡು. ದೇವರು ಲೆಕ್ಕ ಕೇಳುವುದಿಲ್ಲ.

ಇನ್ನು ಔಷಧಿ. ಇಲ್ಲಿಯೇ ನೀನು ಎಡವುವುದು. ಸೀನು ಶುರುವಾದ ಮೇಲೆ ಬ್ಯಾಗೆಲ್ಲ ತಡಕಾಡಿ ಒಂದು ಮಾತ್ರೆ ನುಂಗಿ, ಹತ್ತು ನಿಮಿಷಕ್ಕೆ "ಏನೂ ಉಪಯೋಗವಿಲ್ಲ" ಅಂತ ಗೊಣಗುತ್ತೀಯ. ತೇರಿನ ದಿನ ಕೂತು ಯಾರಾದರೂ ಹಗ್ಗ ಹೊಸೆಯುತ್ತಾರೆಯೆ? ನಿನ್ನ ತಯಾರಿಯೂ ಎರಡು ವಾರ ಮೊದಲೇ ಆಗಬೇಕು. ಡಾಕ್ಟರ ಹತ್ತಿರ ಹೋಗಿ ಮೂಗಿಗೆ ಹೊಡೆಯುವ ಸ್ಪ್ರೇ ಬರೆಸಿಕೊ. ಫ್ಲೂಟಿಕಾಸೋನ್, ಮೊಮೆಟಾಸೋನ್ ಅಂತೆಲ್ಲ ಹೆಸರಿರುತ್ತದೆ. ಸ್ಟೆರಾಯ್ಡ್ ಅಂದ ಕೂಡಲೇ ಹೌಹಾರಬೇಡ. ಅತಿ ಸಣ್ಣ ಪ್ರಮಾಣ, ಕೆಲಸ ಮಾಡುವುದು ಬಹುಪಾಲು ಮೂಗಿನೊಳಗೇ. ಆದರೆ ಅದಕ್ಕೆ ಪೂರ್ತಿ ಬಲ ಬರಲು ದಿನಗಳು ಬೇಕು. ದಿನವೂ ತಪ್ಪದೆ ಹಾಕಿದರೆ ಮಾತ್ರ ಫಲ.

ಹಾಕುವ ರೀತಿಯನ್ನು ಸರಿಯಾಗಿ ಕಲಿ, ನಿನ್ನ ಅಪ್ಪ ಹಾಕುವ ಹಾಗಲ್ಲ. ಅವನು ತಲೆಯನ್ನು ಆಕಾಶಕ್ಕೆತ್ತಿ, ನಡುಗೋಡೆಗೇ ಗುರಿಯಿಟ್ಟು ಹೊಡೆದು, ಸೊರ್‍ರೆಂದು ಎಳೆದುಕೊಳ್ಳುತ್ತಾನೆ. ಔಷಧಿಯೆಲ್ಲ ಗಂಟಲಿಗಿಳಿದು ಕಹಿಯಾಯಿತು ಅನ್ನುತ್ತಾನೆ. ಮೊದಲು ಮೂಗು ಸೀಟಿಕೊ. ಬಾಟಲಿ ಅಲ್ಲಾಡಿಸು. ತಲೆ ಸ್ವಲ್ಪ ಮುಂದಕ್ಕೆ ಬಾಗಲಿ. ಬಲಹೊಳ್ಳೆಗೆ ಎಡಗೈ, ಎಡಹೊಳ್ಳೆಗೆ ಬಲಗೈ. ಮೂತಿ ಹೊರಗಡೆಗೆ, ಅದೇ ಬದಿಯ ಕಿವಿಯತ್ತ ತಿರುಗಿರಲಿ. ಒತ್ತುವಾಗ ಮೆಲ್ಲಗೆ ಉಸಿರೆಳೆದುಕೊ, ಹೂ ಮೂಸುವಷ್ಟು ಮೆಲ್ಲಗೆ. ನಡುಗೋಡೆಗೆ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ.

ಮೂಗು ಕಟ್ಟಿದಾಗ ತಟ್ಟನೆ ಬಿಡಿಸುವ ಹನಿಗಳು ಬೇರೆ, ಇದು ಬೇರೆ. ಜೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಜಾತಿಯವು ಮೂರು-ನಾಲ್ಕು ದಿನಕ್ಕೆ ಸರಿ. ಅದಕ್ಕಿಂತ ಹೆಚ್ಚು ಎಳೆದರೆ ಹನಿ ಬಿಟ್ಟಾಗಲೆಲ್ಲ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ತಲೆದಿಂಬಿನಡಿ ಆ ಬಾಟಲಿ ಇಲ್ಲದೆ ಮಲಗಲಾಗದವರನ್ನು ನಾನು ಕಂಡಿದ್ದೇನೆ.

ಮಾತ್ರೆಯನ್ನು ಹಿಂದಿನ ರಾತ್ರಿಯೇ ತೆಗೆದುಕೊ. ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ, ಅದನ್ನು ನುಂಗಿ ಮೈಸೂರಿನಿಂದ ಸ್ಕೂಟರ್ ಓಡಿಸಿಕೊಂಡು ಬರುವುದು ಖಂಡಿತ ಬೇಡ. ಫೆಕ್ಸೋಫೆನಾಡಿನ್ ಅಷ್ಟು ನಿದ್ದೆ ತರುವುದಿಲ್ಲ. ಅದನ್ನು ನೀರಿನ ಜೊತೆಯೇ ನುಂಗು, ಹಣ್ಣಿನ ರಸದ ಜೊತೆ ಬೇಡ. ಕಿತ್ತಳೆ, ಸೇಬಿನ ರಸ ಕುಡಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಜಾತ್ರೆಯಲ್ಲಿ ಹೆಜ್ಜೆಗೊಂದು ಜ್ಯೂಸಿನ ಗಾಡಿ, ನಿನ್ನ ಬಾಯಿ ನನಗೆ ಗೊತ್ತು, ಅದಕ್ಕೇ ಹೇಳಿದೆ. ಪಕ್ಕದವಳ ಪರ್ಸಿನಿಂದ ಹೆಸರು ಗೊತ್ತಿಲ್ಲದ ಮಾತ್ರೆ ಇಸಿದು ನುಂಗಬೇಡ.

ಹೊರಡುವ ಮುಂಚೆ ಹೊಳ್ಳೆಯ ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿಕೊ, ಪುಡಿ ಒಂದಿಷ್ಟು ಅಲ್ಲೇ ಅಂಟಿಕೊಳ್ಳುತ್ತದೆ. ತಲೆಗೆ ಸೆರಗೋ ದುಪಟ್ಟವೋ ಇರಲಿ. ಬಿಗಿಯಾದ ಮಾಸ್ಕ್ ಹಾಕಿಕೊ. ಫೋಟೋದಲ್ಲಿ ಮುಖ ಕಾಣುವುದಿಲ್ಲ ಅಂತ ಮೂತಿ ಉಬ್ಬಿಸಬೇಡ, ಕೆಂಪು ಮೂಗಿನ ಫೋಟೋ ಅದಕ್ಕಿಂತ ಚೆನ್ನಾಗಿರುತ್ತದೆಯೆ? ಕಣ್ಣಿಗೆ ಲೆನ್ಸ್ ಬೇಡ, ಕನ್ನಡಕ ಸಾಕು. ಕಣ್ಣು ನವೆಯಾದರೆ ಉಜ್ಜಬೇಡ ಕೂಸೆ, ಇದೊಂದು ಮಾತನ್ನು ನಡೆಸಿಕೊಡು. ವರ್ಷಗಟ್ಟಲೆ ಉಜ್ಜಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯೇ ತೆಳುವಾಗಿ ಮುಂದಕ್ಕೆ ಉಬ್ಬುವ ಅಪಾಯವಿದೆ. ಒದ್ದೆ ಕರ್ಚೀಫು ಮಡಚಿ ಮುಚ್ಚಿದ ಕಣ್ಣ ಮೇಲಿಡು, ನವೆ ತಣಿಯುತ್ತದೆ.

ನಂಜುಂಡನನ್ನು ಹಕೀಮ್ ನಂಜುಂಡ ಅನ್ನುವುದು ನಿನಗೆ ಗೊತ್ತು. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಹೋಗಿ, ಇಲ್ಲಿ ಹರಕೆ ಹೊತ್ತ ಮೇಲೆ ಬಂತಂತೆ, ಆಗ ಸುಲ್ತಾನನೇ ಆ ಹೆಸರಿಟ್ಟು ಪಚ್ಚೆ ಲಿಂಗ ಕೊಟ್ಟನಂತೆ. ನಾನೂ ಅವನಿಗೆ ಕೈಮುಗಿಯುವವಳೇ, ಮಾತ್ರೆಯನ್ನೂ ಮರೆಯದವಳೇ. ಎರಡಕ್ಕೂ ಜಗಳವಿಲ್ಲ. ಕಪಿಲೆಯಲ್ಲಿ ಮುಳುಗು ಹಾಕು, ಆದರೆ ಮೂಗು ಬಿಗಿಯಾಗಿ ಹಿಡಿದುಕೊ. ಯೋಗ ತರಗತಿಯಲ್ಲಿ ಜಲನೇತಿ ಕಲಿತಿದ್ದೀಯಲ್ಲ, ಅದನ್ನು ಹೊಳೆ ನೀರಿನಲ್ಲಾಗಲಿ ನಲ್ಲಿ ನೀರಿನಲ್ಲಾಗಲಿ ಮಾಡಬೇಡ. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ, ಮನೆಗೆ ಬಂದ ಮೇಲೆ ಮಾಡು. ಕುದಿಸದ ನೀರಿನಲ್ಲಿರುವ ಒಂದು ಜಾತಿಯ ಅಮೀಬಾ ಮೂಗಿನ ಮೂಲಕ ಮಿದುಳಿಗೇ ಏರಿಬಿಡಬಹುದು. ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ.

ಮಧ್ಯಾಹ್ನದ ಮೇಲೆ ಆಕಾಶ ಕಪ್ಪಾಗಿ ಗುಡುಗಿದರೆ "ಮಳೆ ಬಂದರೆ ಧೂಳು ಕೂರುತ್ತದೆ" ಅಂತ ಖುಷಿಪಡಬೇಡ. ಮಳೆಗೆ ಮುಂಚೆ ನುಗ್ಗುವ ಗಾಳಿ ಕೆಟ್ಟದ್ದು. ತೇವಕ್ಕೆ ಪರಾಗದ ಕಣ ಒಡೆದು ಇನ್ನೂ ಸಣ್ಣದಾಗಿ ಮೂಗನ್ನು ದಾಟಿ ಎದೆಗೇ ಇಳಿಯುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2016ರ ನವೆಂಬರ್ 21ರ ಸಂಜೆ ಅಂಥದ್ದೇ ಗುಡುಗು ಗಾಳಿ ಬೀಸಿ, ಸಾವಿರಾರು ಜನ ಉಸಿರಾಡಲಾಗದೆ ಆಸ್ಪತ್ರೆಗೆ ಓಡಿದರು. ಹತ್ತು ಜನ ತೀರಿಕೊಂಡರು. ಅದರಲ್ಲಿ ಮೂಗಿನ ಅಲರ್ಜಿ ಮಾತ್ರ ಇದೆ ಅಂದುಕೊಂಡಿದ್ದವರೂ ಇದ್ದರು. ಗಾಳಿ ಎದ್ದರೆ ಯಾವುದಾದರೂ ಮನೆಯೋ ಛತ್ರವೋ ಹೊಕ್ಕು ಕಿಟಕಿ ಹಾಕಿಕೊ.

ನಿನಗೆ ಬರೆದುಕೊಟ್ಟ ಇನ್ಹೇಲರ್ ಬೀರುವಿನಲ್ಲಿ ಕೂತಿದೆ ಅಂತ ನಿನ್ನಮ್ಮ ಹೇಳಿದಳು. ಅಭ್ಯಾಸವಾಗಿಬಿಡುತ್ತೆ ಅಂತ ಯಾರೋ ಹೆದರಿಸಿದರಂತೆ. ಹೆದರಿಸಿದವರು ರಾತ್ರಿ ನಿನ್ನ ಎದೆ ಸುಯ್ಗುಟ್ಟುವಾಗ ಪಕ್ಕದಲ್ಲಿ ಇರುವುದಿಲ್ಲ. ಅದು ಸೊಂಟದ ಚೀಲದಲ್ಲಿರಲಿ, ಜೊತೆಗಿರುವ ಒಬ್ಬಳಿಗಾದರೂ ಎಲ್ಲಿದೆ ಅಂತ ತೋರಿಸಿರು. ಇನ್ಹೇಲರ್ ಎಳೆದರೂ ಒಂದು ಪೂರ್ತಿ ವಾಕ್ಯ ಮಾತಾಡಲು ಉಸಿರು ಸಾಲದಿದ್ದರೆ ನಾಚಿಕೆಪಡದೆ 108ಕ್ಕೆ ಫೋನು ಮಾಡಿಸು.

ನಾಚಿಕೆ ಅಂದಾಗ ನೆನಪಾಯಿತು. ಕೊರೊನಾ ಬಂದುಹೋದ ಮೇಲೆ ಸೀನಿದವರನ್ನು ಜನ ಕಳ್ಳರ ಹಾಗೆ ನೋಡುತ್ತಾರೆ ಅಂತ ನೀನು ನೊಂದುಕೊಂಡಿದ್ದೆ. ಮೊಣಕೈ ಮಡಚಿ ಅದರೊಳಗೆ ಸೀನು, "ಅಲರ್ಜಿ ಕಣ್ರೀ, ಅಂಟೋದಲ್ಲ" ಅಂತ ನೇರವಾಗಿ ಹೇಳು. ಪಕ್ಕದವರು ಜಾಗ ಮಾಡಿಕೊಡುತ್ತಾರೆ, ಬಹುಶಃ ತಮ್ಮ ಮಗನಿಗೂ ಹೀಗೇ ಅಂತ ಕಥೆಯನ್ನೂ ಹೇಳುತ್ತಾರೆ.

ಮನೆಗೆ ಬಂದವಳೇ ಹಾಸಿಗೆ ಮೇಲೆ ಬೀಳುವುದು ನಿನ್ನ ಚಾಳಿ. ಆ ದಿನ ಮಾತ್ರ ಬೇಡ. ಬಟ್ಟೆ ಬಚ್ಚಲಲ್ಲೇ ಬಿಚ್ಚಿ ನೆನೆಹಾಕು, ತಲೆಗೆ ಎರೆದುಕೊ. ಕೂದಲಲ್ಲಿ ಹೊತ್ತು ತಂದ ಪುಡಿಯನ್ನು ದಿಂಬಿಗೆ ಕೊಟ್ಟರೆ ರಾತ್ರಿಯಿಡೀ ಅದನ್ನೇ ಉಸಿರಾಡುತ್ತೀಯ.

ಜಾತ್ರೆಯ ಗಲಾಟೆ ಮುಗಿದ ಮೇಲೆ ಇನ್ನೊಂದು ಕೆಲಸವಿದೆ. ಯಾವುದಕ್ಕೆ ಅಲರ್ಜಿ ಅಂತ ಮುಂಗೈ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯುಂಟು, ಮಾಡಿಸಿಕೊ. ಅದಕ್ಕೆ ಮುಂಚೆ ಅಲರ್ಜಿ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನ ಅಂತ ಡಾಕ್ಟರನ್ನು ಕೇಳು. ಅದಕ್ಕೇ ತೇರಿನ ವಾರದಲ್ಲಿ ದಿನ ಗೊತ್ತುಮಾಡಿಕೊಂಡು ಬರಬೇಡ, ಮುಂದಿನ ತಿಂಗಳಿಗೆ ಹಾಕಿಸು. ಸ್ಪ್ರೇ ಮಾತ್ರ ಇವತ್ತೇ ತಂದುಕೊ. ನಿನಗೂ ಸೇರಿಸಿ ಐದು ಜನಕ್ಕೆ ಬುತ್ತಿ ಕಟ್ಟುವುದು ಅಂತ ನಿನ್ನಮ್ಮನಿಗೆ ಹೇಳಿಯಾಗಿದೆ.